ಜಿಮ್ಮಾ, ಓಟವಾ? ವೇಗದ ಬೌಲರ್‌ಗೆ ಬೇಕಾದ ಬಲ ಎಂಥದ್ದು

2025ರ ಆಗಸ್ಟ್‌ನಲ್ಲಿ ಭಾರತ ಕ್ರಿಕೆಟ್ ತಂಡದ ಸುದ್ದಿಗಳಲ್ಲಿ ಬ್ರಾಂಕೊ ಟೆಸ್ಟ್ ಅನ್ನುವ ಹೆಸರು ಕಾಣಿಸಿಕೊಂಡಿತು. ಇದು ರಗ್ಬಿಯಿಂದ ಬಂದ ಓಟದ ಪರೀಕ್ಷೆ. 20 ಮೀಟರ್ ಓಡಿ ವಾಪಸ್ ಬರಬೇಕು, ಆಮೇಲೆ 40, ಆಮೇಲೆ 60. ಅಲ್ಲಿಗೆ ಒಂದು ಸುತ್ತು. ಹೀಗೆ ನಿಲ್ಲದೆ 5 ಸುತ್ತು, ಒಟ್ಟು 1200 ಮೀಟರ್. 6 ನಿಮಿಷದೊಳಗೆ ಮುಗಿಸಬೇಕು. ತಂಡದ ಫಿಟ್‌ನೆಸ್ ಕೋಚ್ ಏಡ್ರಿಯನ್ ಲ ರೂ ಇದನ್ನು ತಂದರು ಅಂತ ವರದಿಯಾಯಿತು. ಜೊತೆಗೇ ಇನ್ನೊಂದು ಮಾತೂ ಬಂತು: ನಮ್ಮ ವೇಗದ ಬೌಲರ್‌ಗಳು ಜಿಮ್‌ನಲ್ಲಿ ಜಾಸ್ತಿ ಹೊತ್ತು ಕಳೆಯುತ್ತಾರೆ, ಓಡುವುದು ಸಾಲುತ್ತಿಲ್ಲ.

ಗೊಂದಲ ಶುರುವಾಗಿದ್ದು ಇಲ್ಲೇ. ಇಷ್ಟು ವರ್ಷ ಜಿಮ್‌ಗೆ ಹೋಗಿ ಮೈ ಗಟ್ಟಿ ಮಾಡಿಕೊಳ್ಳಿ ಅಂದವರೇ ಈಗ ಓಡಿ ಅಂತಿದ್ದಾರೆ. ಅದೇ ವರ್ಷದ ಇಂಗ್ಲೆಂಡ್ ಪ್ರವಾಸದಲ್ಲಿ ಜಸ್‌ಪ್ರೀತ್ ಬುಮ್ರಾ 5 ಟೆಸ್ಟ್‌ಗಳಲ್ಲಿ 3 ಮಾತ್ರ ಆಡಿದರು. ಮೊಹಮ್ಮದ್ ಸಿರಾಜ್ ಐದನ್ನೂ ಆಡಿದರು, 185.3 ಓವರ್ ಎಸೆದರು, 23 ವಿಕೆಟ್ ತೆಗೆದರು. ಒಬ್ಬರಿಗೆ ವಿಶ್ರಾಂತಿ ಬೇಕೇಬೇಕು, ಇನ್ನೊಬ್ಬರಿಗೆ ಬೇಡ ಅಂದರೆ ಹೇಗೆ ಅಂತ ಜನ ಕೇಳಿದರು. ಬಳ್ಳಾರಿ, ರಾಯಚೂರು, ಕೊಪ್ಪಳದ ಮೈದಾನಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ: ಮಗ ವೇಗವಾಗಿ ಬೌಲ್ ಮಾಡುತ್ತಾನೆ, ಅವನನ್ನು ಜಿಮ್‌ಗೆ ಹಾಕಬೇಕಾ, ಬೇಡವಾ?

ಉತ್ತರ ಸಿಗಬೇಕಾದರೆ ಬೌಲರ್‌ನ ಮೈಗೆ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಪರೀಕ್ಷೆ ಬೇರೆ, ತಯಾರಿ ಬೇರೆ

ಬ್ರಾಂಕೊ ಅಳೆಯುವುದು ದಮ್ಮನ್ನು. ಇದಕ್ಕೂ ಮುಂಚೆ ಇದ್ದ, ಬೀಪ್ ಸದ್ದಿಗೆ ತಕ್ಕಂತೆ ಓಡಿ ತಿರುಗುವ ಯೋ-ಯೋ ಟೆಸ್ಟ್ ಅಳೆದದ್ದೂ ಅದನ್ನೇ. 2 ಕಿಲೋಮೀಟರ್ ಓಟವೂ ಅಷ್ಟೆ. 2021ರಲ್ಲಿ ಆ ಓಟ ಬಂದಾಗ ವೇಗದ ಬೌಲರ್‌ಗಳಿಗೆ 8 ನಿಮಿಷ 15 ಸೆಕೆಂಡ್ ಗಡುವು ಇತ್ತು, ಬ್ಯಾಟರ್ ಮತ್ತು ಸ್ಪಿನ್ನರ್‌ಗಳಿಗೆ ಇನ್ನು 15 ಸೆಕೆಂಡ್ ಸಡಿಲ.

ದಮ್ಮು ಬೇಕು, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕ ಹಾಕಿ ನೋಡಿ. ರನ್-ಅಪ್, ಅಂದರೆ ಚೆಂಡು ಎಸೆಯಲು ಓಡಿಬರುವ ದೂರ, 25 ಮೀಟರ್ ಅಂದುಕೊಳ್ಳಿ. ಟೆಸ್ಟ್‌ನ ಒಂದು ದಿನ 20 ಓವರ್ ಎಸೆದರೆ 120 ಚೆಂಡು. ಬರೀ ರನ್-ಅಪ್ಪೇ 3 ಕಿಲೋಮೀಟರ್ ಆಯಿತು, ಅದೂ ಜೋರು ಓಟದಲ್ಲಿ. ತಿರುಗಿ ನಡೆದುಕೊಂಡು ಹೋಗುವುದು, ಫೀಲ್ಡಿಂಗು ಬೇರೆ. ದಮ್ಮು ಕಡಿಮೆ ಇದ್ದವನು ಮೂರನೇ ಸ್ಪೆಲ್‌ನಲ್ಲಿ (ಒಂದೇ ಸರದಿಯಲ್ಲಿ ಎಸೆಯುವ ಓವರ್‌ಗಳು) ಸುಸ್ತಾಗುತ್ತಾನೆ. ಸುಸ್ತಾದಾಗ ಆಕ್ಷನ್, ಅಂದರೆ ಎಸೆಯುವ ಶೈಲಿ, ಕೆಡುತ್ತದೆ. ಆಕ್ಷನ್ ಕೆಟ್ಟಾಗ ಹೊರೆ ಬೀಳಬಾರದ ಜಾಗದ ಮೇಲೆ ಬೀಳುತ್ತದೆ. ಓಟದ ಪರ ವಾದಿಸುವವರ ಮಾತಿನಲ್ಲಿ ಈ ಮಟ್ಟಿಗೆ ತೂಕವಿದೆ.

ಆದರೆ ಈ ಯಾವ ಓಟದ ಪರೀಕ್ಷೆಯೂ ಬೌಲರ್‌ನ ಮುಂಗಾಲು ಕ್ರೀಸಿಗೆ ಅಪ್ಪಳಿಸುವ ಆ ಗಳಿಗೆಯನ್ನು ಅಳೆಯುವುದಿಲ್ಲ. ವೇಗ ಹುಟ್ಟುವುದೂ ಗಾಯ ಹುಟ್ಟುವುದೂ ಅಲ್ಲೇ.

ಆ ಒಂದು ಹೆಜ್ಜೆ

ಬಲಗೈ ಬೌಲರ್ ಒಬ್ಬ ಓಡಿ ಬರುವುದನ್ನು ಹತ್ತಿರದಿಂದ ನೋಡಿ. ಕೊನೆಯಲ್ಲಿ ಜಿಗಿಯುತ್ತಾನೆ. ಮೊದಲು ಬಲಗಾಲು ನೆಲ ಮುಟ್ಟುತ್ತದೆ. ಆಮೇಲೆ ಎಡಗಾಲು ಉದ್ದಕ್ಕೆ ಚಾಚಿ ಕ್ರೀಸಿನ ಮೇಲೆ ಹಿಮ್ಮಡಿಯೂರಿ ಬೀಳುತ್ತದೆ. ಓಡಿಬಂದ ಮೈಯ ಭಾರವನ್ನೆಲ್ಲ ಆ ಒಂದು ಕಾಲು ತಡೆಯುತ್ತದೆ. ಕಾಲು ನಿಂತಿತು, ಆದರೆ ಮೇಲಿನ ಮೈ ಇನ್ನೂ ಮುಂದಕ್ಕೆ ನುಗ್ಗುತ್ತಿದೆ. ಸೊಂಟ ತಿರುಗುತ್ತದೆ, ಎದೆ ಬಾಗುತ್ತದೆ, ಭುಜ ಹಿಂಬಾಲಿಸುತ್ತದೆ, ಕೊನೆಗೆ ಕೈ ಚಾಟಿಯ ತುದಿಯ ಹಾಗೆ ಬೀಸುತ್ತದೆ. ಎತ್ತು ಹೊಡೆಯುವ ಚಾಟಿಯಲ್ಲಿ ಹಿಡಿ ನಿಂತಾಗಲೇ ತುದಿ ಸಿಡಿಯುವುದು, ಅಲ್ವಾ? ಇಲ್ಲಿ ಆ ಹಿಡಿಯ ಕೆಲಸ ಮಾಡುವುದು ಎಡಗಾಲು.

ಆ ಕಾಲಿನ ಮೇಲೆ ಬೀಳುವ ಹೊಡೆತವನ್ನು ನೆಲದಲ್ಲಿ ಹುಗಿದ ಅಳತೆಯ ಹಲಗೆಗಳಿಂದ ಅಳೆದಿದ್ದಾರೆ. ವೇಗದ ಬೌಲರ್‌ಗಳಲ್ಲಿ ಅದು ಸಾಮಾನ್ಯವಾಗಿ ದೇಹದ ತೂಕದ 5ರಿಂದ 7 ಪಟ್ಟು. 70 ಕಿಲೋ ಹುಡುಗನಿಗೆ 6 ಪಟ್ಟು ಅಂದರೆ 420 ಕಿಲೋ. ನಮ್ಮ ಎಪಿಎಂಸಿ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕು ಕ್ವಿಂಟಲ್‌ಗೂ ಮೀರಿದ ಭಾರ, ರೆಪ್ಪೆ ಮಿಟುಕಿಸುವಷ್ಟರೊಳಗೆ, ಒಂದೇ ಕಾಲಿನ ಮೇಲೆ. ದಿನಕ್ಕೆ 120 ಸಲ.

ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದವರು 20 ಮಂದಿ ಮೇಲ್ಮಟ್ಟದ ವೇಗದ ಬೌಲರ್‌ಗಳ ಚಲನೆಯನ್ನು ಅಳೆದು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವೇಗದ ವ್ಯತ್ಯಾಸದಲ್ಲಿ ಸುಮಾರು ಮುಕ್ಕಾಲು ಪಾಲನ್ನು ನಾಲ್ಕೇ ಸಂಗತಿಗಳು ವಿವರಿಸಿದವು. ರನ್-ಅಪ್ ಎಷ್ಟು ಜೋರು, ಮುಂಗಾಲಿನ ಮಂಡಿ ಎಷ್ಟು ನೆಟ್ಟಗೆ ನಿಲ್ಲುತ್ತದೆ, ಮೈ ಎಷ್ಟು ಮುಂದಕ್ಕೆ ಬಾಗುತ್ತದೆ, ಕೈ ಎಷ್ಟು ತಡವಾಗಿ ಬರುತ್ತದೆ. ಈ ನಾಲ್ಕರಲ್ಲಿ ತೋಳಿನ ದಪ್ಪ ಇಲ್ಲ, ಎದೆಯ ಅಗಲವೂ ಇಲ್ಲ.

ಮಂಡಿ ನೆಟ್ಟಗೆ ನಿಲ್ಲಬೇಕಾದರೆ ತೊಡೆ, ಪಿರ್ರೆ, ಮೀನಖಂಡಗಳಿಗೆ ಆ ನಾಲ್ಕು ಕ್ವಿಂಟಲ್ ತಡೆಯುವ ತಾಕತ್ತು ಬೇಕು. ಇಲ್ಲದಿದ್ದರೆ ಮಂಡಿ ಕುಸಿಯುತ್ತದೆ, ರನ್-ಅಪ್‌ನಲ್ಲಿ ಗಳಿಸಿದ ವೇಗ ನೆಲಕ್ಕೆ ಸೋರಿ ಹೋಗುತ್ತದೆ. ಆದರೆ ಇದರಲ್ಲಿ ಒಂದು ತೊಡಕಿದೆ. ಮಂಡಿ ನೆಟ್ಟಗಿದ್ದಷ್ಟೂ ಹೊಡೆತವನ್ನು ನುಂಗಿಕೊಳ್ಳುವ ಸ್ಪ್ರಿಂಗ್ ಕಡಿಮೆ, ಹಾಗಾಗಿ ಏಟು ಮೇಲಕ್ಕೆ, ಟೊಂಕಕ್ಕೆ ಹೋಗುತ್ತದೆ. ಜಾಸ್ತಿ ವೇಗದ ಬೌಲರ್‌ಗೆ ಜಾಸ್ತಿ ಅಪಾಯ ಇರುವುದು ಇದೇ ಕಾರಣಕ್ಕೆ. ಬಲವರ್ಧನೆಯ ತರಬೇತಿಗೆ ಹಾಗಾದರೆ ಎರಡು ಕೆಲಸ: ಕಾಲು ನಿಲ್ಲುವಂತೆ ಮಾಡಬೇಕು, ಮೇಲೆ ಬಂದ ಏಟನ್ನು ಟೊಂಕ ತಡೆಯುವಂತೆಯೂ ಮಾಡಬೇಕು. ಮೊದಲನೆಯದನ್ನು ಮಾತ್ರ ಮಾಡಿದರೆ ಹುಡುಗ ಒಂದು ಸೀಸನ್ ಮಿಂಚುತ್ತಾನೆ, ಮರುವರ್ಷ ಆಸ್ಪತ್ರೆಯಲ್ಲಿರುತ್ತಾನೆ.

ಈ ಮುಂಗಾಲಿನ ಕೆಲಸವನ್ನು ಕ್ರಿಕೆಟ್‌ಗಿಂತ ಚೆನ್ನಾಗಿ ತೋರಿಸುವ ಆಟ ಜಾವೆಲಿನ್, ಅಂದರೆ ಭರ್ಜಿ ಎಸೆತ. ಓಟ, ಕೊನೆಯ ಹೆಜ್ಜೆಯ ತಡೆ, ಎಸೆತ, ಎಲ್ಲ ಒಂದೇ ಸರಣಿ. ನೀರಜ್ ಚೋಪ್ರಾ ತರಬೇತಿ ಪಡೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ, ತೋರಣಗಲ್ಲಿನ ಹತ್ತಿರ ಇದೆ. ಬುಮ್ರಾ ರನ್-ಅಪ್ ಸ್ವಲ್ಪ ಉದ್ದ ಮಾಡಿಕೊಂಡರೆ ಇನ್ನೂ ವೇಗ ಸಿಗಬಹುದು ಅಂತ 2023ರಲ್ಲಿ ಹೇಳಿದ್ದು ಇದೇ ನೀರಜ್. 800 ಗ್ರಾಂ ಭರ್ಜಿ ಎಸೆಯುವವರು ಸುಮಾರು 160 ಗ್ರಾಂ ಚೆಂಡು ಎಸೆಯುವವರಿಗೆ ಕೊಟ್ಟ ಸಲಹೆ ಕೈಯ ಬಗ್ಗೆ ಅಲ್ಲ, ಓಟದ ಬಗ್ಗೆ.

ಎಲುಬು ಬಿರುಕು ಬಿಡುವುದು ಹೇಗೆ

ಕಾಲು ನೆಲಕ್ಕೆ ತಾಗುವ ಹೊತ್ತಿನಲ್ಲಿ ಬಲಗೈ ಬೌಲರ್‌ನ ಟೊಂಕ ಹಿಂದಕ್ಕೆ ಬಾಗಿರುತ್ತದೆ, ಎಡ ಮಗ್ಗುಲಿಗೂ ವಾಲಿರುತ್ತದೆ, ಜೊತೆಗೆ ತಿರುಗುತ್ತಲೂ ಇರುತ್ತದೆ. ಮೂರೂ ಒಟ್ಟಿಗೆ. ಆಗ ಸೊಂಟದ ಕೆಳಭಾಗದ ಕೊನೆಯ ಎರಡು ಎಲುಬುಗಳ ಹಿಂಬದಿಯಲ್ಲಿ, ಎಡಗಡೆ, ಸಣ್ಣ ಸೇತುವೆಯಂಥ ಒಂದು ತೆಳ್ಳನೆ ಭಾಗ ಅದುಮಿಸಿಕೊಳ್ಳುತ್ತದೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ಸಾವಿರಾರು ಸಲ ಆದಾಗ, ನಡುವೆ ಬಿಡುವು ಸಿಗದಿದ್ದಾಗ, ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅದಕ್ಕೇ ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುವುದು. ಎಡಗೈ ಬೌಲರ್‌ಗೆ ಇದೇ ತೊಂದರೆ ಬಲಗಡೆ.

ಇದು ಹೊಸ ರೋಗವೂ ಅಲ್ಲ, ಜಿಮ್ ತಂದ ರೋಗವೂ ಅಲ್ಲ. ಆಸ್ಟ್ರೇಲಿಯಾದ ವೇಗದ ಬೌಲರ್ ಡೆನ್ನಿಸ್ ಲಿಲ್ಲಿಗೆ 1973ರಲ್ಲೇ ಬೆನ್ನೆಲುಬು ಬಿರುಕು ಬಿಟ್ಟಿತ್ತು. ಆರು ವಾರ ಮೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದರು. ಅದೇ ದೇಶದ ಪ್ಯಾಟ್ ಕಮಿನ್ಸ್ 2011ರ ನವೆಂಬರ್‌ನಲ್ಲಿ 18ನೇ ವಯಸ್ಸಿಗೆ ಮೊದಲ ಟೆಸ್ಟ್ ಆಡಿದರು. ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ಐದು ವರ್ಷಗಳ ಬಹುಪಾಲನ್ನು ತಿಂದಿದ್ದು ಬೆನ್ನು. ನಮ್ಮ ಕರ್ನಾಟಕದ ಬೌಲರ್ ಪ್ರಸಿದ್ಧ್ ಕೃಷ್ಣ ಇದೇ ಟೊಂಕದ ಬಿರುಕಿನಿಂದ 2022ರಿಂದ 2023ರ ಆಗಸ್ಟ್‌ವರೆಗೆ ಮೈದಾನದ ಹೊರಗಿದ್ದರು. ಬುಮ್ರಾ 2022ರ ಟಿ20 ವಿಶ್ವಕಪ್ ತಪ್ಪಿಸಿಕೊಂಡಿದ್ದು ಬೆನ್ನಿನಿಂದ. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. 2024-25ರ ಆಸ್ಟ್ರೇಲಿಯಾ ಸರಣಿಯಲ್ಲಿ 151.2 ಓವರ್ ಎಸೆದು 32 ವಿಕೆಟ್ ತೆಗೆದ ಮೇಲೆ ಸಿಡ್ನಿಯಲ್ಲಿ ಬೆನ್ನು ಮತ್ತೆ ಹಿಡಿದುಕೊಂಡಿತು. ಇಂಗ್ಲೆಂಡಿನಲ್ಲಿ ಅವರನ್ನು ಮೂರೇ ಟೆಸ್ಟ್‌ಗೆ ಇಳಿಸಿದ್ದರ ಹಿಂದಿನ ಕಾರಣ ಇದು. ಶಸ್ತ್ರಚಿಕಿತ್ಸೆ ಕಂಡ ಬೆನ್ನಿಗೂ ಕಾಣದ ಬೆನ್ನಿಗೂ ಒಂದೇ ಲೆಕ್ಕ ಹಾಕಲು ಆಗುವುದಿಲ್ಲ.

ಕಮಿನ್ಸ್ ಮತ್ತೆ ಮತ್ತೆ ಬಿದ್ದಿದ್ದರಲ್ಲಿ ವಯಸ್ಸಿನ ಪಾತ್ರ ದೊಡ್ಡದು. ಟೊಂಕದ ಎಲುಬು ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು, ಕೆಲವರಿಗೆ ಇಪ್ಪತ್ತೈದರ ಹತ್ತಿರ. ಜಿಮ್‌ನ ಚರ್ಚೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಮಾತು ಇದೇ ನೋಡಿ. ಸ್ನಾಯು ಬೇಗ ಬೆಳೆಯುತ್ತದೆ, ಎಂಟು-ಹತ್ತು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಎಲುಬು ಹಾಗಲ್ಲ. ಹೊಸ ಹೊರೆ ಬಿದ್ದಾಗ ಅದು ಮೊದಲು ಹಳೆಯ ಪದರವನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕೆರೆದು ಕಟ್ಟುವ ನಡುವಿನ ಕೆಲವು ವಾರ ಅದು ಮೊದಲಿಗಿಂತ ದುರ್ಬಲ. 17 ವರ್ಷದ ಹುಡುಗ ಎರಡು ತಿಂಗಳು ತೂಕ ಎತ್ತಿ ವೇಗ ಹೆಚ್ಚಿಸಿಕೊಂಡಾಗ ಅವನ ಇಂಜಿನ್ ದೊಡ್ಡದಾಗಿರುತ್ತದೆ, ಚಾಸಿ ಹಳೆಯದೇ ಇರುತ್ತದೆ.

ಎರಡು ಕಡೆಯವರ ವಾದ

ಹಳೆಯ ದಾರಿಯವರು ಹೇಳುವುದು ಸರಳ: ಬೌಲರ್ ಗಟ್ಟಿಯಾಗುವುದು ಬೌಲಿಂಗ್‌ನಿಂದ, ಓಟದಿಂದ. ಕಪಿಲ್ ದೇವ್ 131 ಟೆಸ್ಟ್ ಆಡಿದರು, 434 ವಿಕೆಟ್ ತೆಗೆದರು, ಗಾಯದ ಕಾರಣಕ್ಕೆ ಒಂದು ಟೆಸ್ಟೂ ತಪ್ಪಿಸಲಿಲ್ಲ. ಈ ಉದಾಹರಣೆ ಗಟ್ಟಿ. ಆದರೆ ಆಟದಲ್ಲಿ ಉಳಿದುಕೊಂಡವರ ಹೆಸರು ಮಾತ್ರ ನಮಗೆ ನೆನಪಿರುತ್ತದೆ. ಅದೇ ಕಾಲದಲ್ಲಿ ಬೆನ್ನು ಮುರಿದುಕೊಂಡು ಊರಿಗೆ ವಾಪಸ್ ಹೋದ ಹುಡುಗರ ಹೆಸರು ಎಲ್ಲೂ ಬರೆದಿಲ್ಲ. ಜಾವಗಲ್ ಶ್ರೀನಾಥ್ ಅವರಂಥವರೇ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡರು.

ಜಿಮ್ ಬೇಕು ಅನ್ನುವವರ ವಾದ ಇನ್ನೊಂದು. ಈಗ ವರ್ಷವಿಡೀ ಆಟ, ಮೂರು ಮಾದರಿ, ಐಪಿಎಲ್ ಬೇರೆ. ನಾಲ್ಕು ಓವರ್‌ನ ಹೊರೆಯಿಂದ ದಿಢೀರನೆ ಇಪ್ಪತ್ತು ಓವರ್‌ಗೆ ಹೋಗಬೇಕು. ಬಲದ ಉಳಿತಾಯ ಇಲ್ಲದ ಮೈ ಅದನ್ನು ತಡೆಯುವುದಿಲ್ಲ ಅನ್ನುತ್ತಾರೆ. ಇದೂ ನಿಜವೇ.

ಆರ್. ಅಶ್ವಿನ್ ಮೂರನೆಯ ಮಾತೊಂದನ್ನು ಎತ್ತಿದರು. ಟ್ರೇನರ್ ಬದಲಾದಾಗಲೆಲ್ಲ ಪದ್ಧತಿ ಬದಲಾದರೆ ಆಟಗಾರನಿಗೇ ತೊಂದರೆ, ಗಾಯಕ್ಕೂ ಅದು ಕಾರಣವಾಗಬಹುದು ಅನ್ನುವುದು ಅವರ ಆತಂಕ. ನನಗೆ ಈ ಮೂರರಲ್ಲಿ ಹೆಚ್ಚು ತೂಕದ್ದು ಅನಿಸುವುದು ಇದೇ. ಮೈ ಯಾವ ಹೊರೆಗೂ ಒಗ್ಗಿಕೊಳ್ಳುತ್ತದೆ, ಅದಕ್ಕೆ ದಿನ ಕೊಟ್ಟರೆ. ಇದ್ದಕ್ಕಿದ್ದಂತೆ ಬದಲಾದಾಗಲೇ ಮುರಿಯುವುದು. ಇಂಗ್ಲೆಂಡಿನ ವೇಗದ ಬೌಲರ್ ಜೇಮ್ಸ್ ಆಂಡರ್ಸನ್ ಕಥೆಯೂ ಇದನ್ನೇ ಹೇಳುತ್ತದೆ. ಕೋಚ್‌ಗಳು ಅವರ ಆಕ್ಷನ್ ತಿದ್ದಲು ಹೋದರು, 2006ರಲ್ಲಿ ಬೆನ್ನೆಲುಬು ಬಿರುಕು ಬಿಟ್ಟಿತು. ಹುಟ್ಟಿನಿಂದ ಬಂದ ಆಕ್ಷನ್‌ಗೇ ಮರಳಿದರು. 2024ರಲ್ಲಿ ನಿಲ್ಲಿಸಿದಾಗ 188 ಟೆಸ್ಟ್, 704 ವಿಕೆಟ್.

ಯಾವ ಬಲ, ಯಾವ ಕ್ರಮದಲ್ಲಿ

ನಮ್ಮ ಊರುಗಳ ಜಿಮ್‌ಗಳಲ್ಲಿ ಹುಡುಗರು ಮಾಡುವುದು ಬಹುಮಟ್ಟಿಗೆ ಮೈ ತೋರಿಸುವ ವ್ಯಾಯಾಮ. ಸೋಮವಾರ ಎದೆ, ಮಂಗಳವಾರ ಬೈಸೆಪ್ಸ್, ಒಂದೊಂದಕ್ಕೂ ಹನ್ನೆರಡು-ಹದಿನೈದು ಸಲ. ಕಾಲಿನ ದಿನ ತಪ್ಪಿಸುವುದೂ ಉಂಟು. ಇದರಿಂದ ಸ್ನಾಯು ಉಬ್ಬುತ್ತದೆ, ಮೈತೂಕ ಏರುತ್ತದೆ. ಬೌಲರ್‌ಗೆ ಏರಿದ ಪ್ರತಿ ಕಿಲೋವೂ ಮುಂಗಾಲಿಗೆ ಆರು ಪಟ್ಟು ಹೊರೆ. ಎದೆ ಬಿಗಿದುಕೊಂಡರೆ ಭುಜ ಸಲೀಸಾಗಿ ಹಿಂದಕ್ಕೆ ಹೋಗುವುದಿಲ್ಲ.

ಬೌಲರ್‌ನ ತಯಾರಿ ಕೆಳಗಿನಿಂದ ಶುರುವಾಗಬೇಕು. ಮೊದಲ ಅಡಿಪಾಯ ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ ಮತ್ತು ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ತಂತ್ರ ಕಲಿತ ಮೇಲೆ, ಮೂರರಿಂದ ಆರು ಸಲವಷ್ಟೇ ಎತ್ತಲು ಸಾಧ್ಯವಾಗುವ ಭಾರ, ನಡುವೆ ಎರಡು-ಮೂರು ನಿಮಿಷ ಬಿಡುವು. ಇದು ಸ್ನಾಯುವಿನ ಗಾತ್ರಕ್ಕಿಂತ ತಾಕತ್ತನ್ನು ಬೆಳೆಸುತ್ತದೆ. ಆದರೆ ಬೌಲರ್ ಎರಡು ಕಾಲಲ್ಲಿ ನಿಂತು ಬೌಲ್ ಮಾಡುವುದಿಲ್ಲವಲ್ಲ. ಅದಕ್ಕೇ ಒಂಟಿ ಕಾಲಿನ ವ್ಯಾಯಾಮ ಅಷ್ಟೇ ಮುಖ್ಯ. ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮುಂಗಾಲಲ್ಲಿ ಕೂತು ಏಳುವುದು, ಮಂಡಿಯೆತ್ತರದ ಕಟ್ಟೆಯನ್ನು ಕೈಯಲ್ಲಿ ಭಾರ ಹಿಡಿದು ಹತ್ತುವುದು, ಒಂಟಿ ಕಾಲಿನ ಹಿಮ್ಮಡಿ ಎತ್ತುವುದು.

ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ಅನ್ನುವ ವ್ಯಾಯಾಮವಿದೆ. ಇದಕ್ಕೆ ಯಂತ್ರ ಬೇಡ, ಒಬ್ಬ ಗೆಳೆಯ ಸಾಕು. ಮಂಡಿಯೂರಿ, ಅಡಿಗೆ ದಪ್ಪ ಬಟ್ಟೆ ಹಾಕಿಕೊಂಡು ನಿಲ್ಲಬೇಕು. ಗೆಳೆಯ ಹಿಂದಿನಿಂದ ಎರಡೂ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಮಂಡಿಯಿಂದ ತಲೆಯವರೆಗೆ ಮೈ ಕೋಲಿನ ಹಾಗಿಟ್ಟುಕೊಂಡು ನಿಧಾನಕ್ಕೆ ಮುಂದೆ ವಾಲಬೇಕು. ಇನ್ನು ತಡೆಯಲು ಆಗಲ್ಲ ಅನಿಸಿದಾಗ ಕೈಯೂರಿ ಬೀಳಬೇಕು. ಮೊದಲ ದಿನ ಐದು ಸಲ ಮಾಡಿದರೂ ಮರುದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಬೇರೆ ಬೇರೆ ಆಟಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿತ್ತು. ಖರ್ಚಿಲ್ಲದ ವ್ಯಾಯಾಮಕ್ಕೆ ಇಷ್ಟು ಫಲ ಸಿಗುವುದು ಅಪರೂಪ.

ಟೊಂಕಕ್ಕೆ ಬೇಕಾದ್ದು ನೂರಾರು ಸಿಟ್-ಅಪ್ ಅಲ್ಲ. ಬೌಲರ್‌ನ ಟೊಂಕ ಈಗಾಗಲೇ ಬೇಕಾದಷ್ಟು ಬಾಗಿ ತಿರುಗುತ್ತದೆ. ಅದಕ್ಕೆ ಬೇಕಾದ್ದು ಬಾಗಿಸಲು ಬಂದ ಬಲವನ್ನು ತಡೆದು ನಿಲ್ಲುವ ಅಭ್ಯಾಸ. ಮಗ್ಗುಲಾಗಿ ಮೊಣಕೈ ಊರಿ ಮೈಯನ್ನು ಹಲಗೆಯಂತೆ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್, ಒಂದೇ ಕೈಯಲ್ಲಿ ಭಾರ ಹಿಡಿದು ವಾಲದೆ ನಡೆಯುವುದು. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಹಿಡಿದು ತುಳುಕಿಸದೆ ಐವತ್ತು ಹೆಜ್ಜೆ ನಡೆದರೂ ಇದೇ ವ್ಯಾಯಾಮ. ಪಕ್ಕೆಯ ಸ್ನಾಯು ಹರಿಯುವ ಸೈಡ್ ಸ್ಟ್ರೇನ್ ವೇಗದ ಬೌಲರ್‌ಗಳಿಗೆ ಬರುವುದು ಬೌಲಿಂಗ್ ಕೈಯ ಎದುರು ಮಗ್ಗುಲಿಗೆ, ಹಾಗಿದ್ದರೂ ಈ ಅಭ್ಯಾಸ ಎರಡೂ ಮಗ್ಗುಲಿಗೆ ಬೇಕು.

ಭುಜದಲ್ಲಿ ಕೈಯನ್ನು ಬೀಸುವ ಸ್ನಾಯುಗಳಿಗಿಂತ ಬೀಸಿದ ಕೈಯನ್ನು ನಿಲ್ಲಿಸುವ ಹಿಂಬದಿಯ ಸ್ನಾಯುಗಳಿಗೆ ಗಮನ ಕೊಡಬೇಕು. ರಬ್ಬರ್ ಪಟ್ಟಿ ಎಳೆಯುವುದು, ಕಂಬಿಗೆ ಜೋತು ಮೈ ಮೇಲೆಳೆಯುವುದು ಸಾಕು.

ಇಷ್ಟೆಲ್ಲ ಆದ ಮೇಲೆ ಬರುವುದು ಸ್ಫೋಟಕ ಬಲ: ಜಿಗಿತ, ಒಂಟಿ ಕಾಲಲ್ಲಿ ಇಳಿದು ಅಲುಗಾಡದೆ ನಿಲ್ಲುವುದು, ಭಾರದ ಮೆಡಿಸಿನ್ ಬಾಲನ್ನು ಗೋಡೆಗೆ ಅಪ್ಪಳಿಸುವುದು. ಗಟ್ಟಿತನವನ್ನು ವೇಗಕ್ಕೆ ತಿರುಗಿಸುವ ಸೇತುವೆ ಇದು. ಕ್ರಮ ತಪ್ಪಿಸಿ ಮೊದಲೇ ಜಿಗಿತಕ್ಕೆ ಕೈ ಹಾಕಿದರೆ ಮಂಡಿಯ ಸ್ನಾಯುರಜ್ಜುವೇ (ಟೆಂಡನ್) ಮೊದಲು ನೋಯುವುದು. ಭಾರದ ಚೆಂಡು, ಹಗುರ ಚೆಂಡಿನಿಂದ ಬೌಲ್ ಮಾಡಿಸುವ ಪದ್ಧತಿಯೂ ಇದೆ. ಪ್ರಯೋಗಗಳಲ್ಲಿ ಸಿಕ್ಕ ವೇಗ ಅಲ್ಪ, ಲೈನ್-ಲೆಂತ್ ಕೆಟ್ಟಿದ್ದೂ ಉಂಟು. ಬೆಳೆಯುವ ಹುಡುಗರಿಗೆ ಇದು ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ವರ್ಷದ ಲೆಕ್ಕದಲ್ಲಿ ಹೇಳುವುದಾದರೆ ಭಾರದ ಕೆಲಸ ಆಟವಿಲ್ಲದ ಮಳೆಗಾಲಕ್ಕೆ, ವಾರಕ್ಕೆ ಎರಡು-ಮೂರು ದಿನ. ಸೀಸನ್ ಹತ್ತಿರ ಬಂದಂತೆ ಭಾರ ಎತ್ತುವುದು ಇಳಿದು ಜಿಗಿತ ಮತ್ತು ಓಟ ಏರಬೇಕು. ಸೀಸನ್‌ನಲ್ಲಿ ವಾರಕ್ಕೆ ಒಂದೆರಡು ಸಲ, ಪಂದ್ಯಕ್ಕೆ ಎರಡು ದಿನ ಮುಂಚೆ ನಿಲ್ಲಬೇಕು. ಜಿಮ್ ಪೂರ್ತಿ ಬಿಟ್ಟರೆ ಗಳಿಸಿದ ಬಲ ಕೆಲವೇ ವಾರದಲ್ಲಿ ಇಳಿಯುತ್ತದೆ.

ತೂಕ ಎತ್ತಿದರೆ ಹುಡುಗರ ಎತ್ತರ ನಿಲ್ಲುತ್ತದೆ ಅನ್ನುವ ಭಯ ಮನೆಗಳಲ್ಲಿ ಇನ್ನೂ ಇದೆ. ಅದಕ್ಕೆ ಆಧಾರವಿಲ್ಲ. ಕಲಿಸುವವರು ಎದುರಿಗಿದ್ದು, ಮೈತೂಕದ ವ್ಯಾಯಾಮದಿಂದ ಶುರು ಮಾಡಿದರೆ ಹದಿಮೂರು-ಹದಿನಾಲ್ಕಕ್ಕೂ ಸರಿ. ಹುಡುಗ ದಿಢೀರನೆ ಎತ್ತರವಾಗುವ ಕೆಲವು ತಿಂಗಳು ಮಾತ್ರ ಹೊರೆ ಇಳಿಸಬೇಕು.

ಗರಡಿಮನೆ ಎಷ್ಟು ಸಹಾಯ ಮಾಡುತ್ತದೆ

ನಮ್ಮ ಕಡೆ ಬಲದ ತರಬೇತಿ ಜಿಮ್ ಜೊತೆ ಬಂದಿದ್ದಲ್ಲ. ಗರಡಿಯಲ್ಲಿ ಸಾಮು ಮಾಡುವುದು, ಜಾತ್ರೆಯಲ್ಲಿ ಗುಂಡು ಎತ್ತುವುದು, ಚೀಲ ಎತ್ತುವುದು ಇವತ್ತಿಗೂ ಇದೆ. ಬಸ್ಕಿ ತೊಡೆಗೆ ಒಳ್ಳೆಯ ಸಹನೆ ಕೊಡುತ್ತದೆ. ಗದೆ, ಕರೇಲ (ಮರದ ದಪ್ಪ ಕೋಲು) ತಿರುಗಿಸುವುದು ಭುಜಕ್ಕೂ ಪಕ್ಕೆಗೂ ಚೆನ್ನ, ರಬ್ಬರ್ ಪಟ್ಟಿಗಿಂತ ಮೇಲು ಅಂದರೂ ತಪ್ಪಲ್ಲ. ಗುಂಡು ಎತ್ತುವುದು ಡೆಡ್‌ಲಿಫ್ಟ್‌ನ ಅಣ್ಣನೇ.

ಕೊರತೆ ಎರಡು. ಬಸ್ಕಿಯನ್ನು ಐವತ್ತರಿಂದ ಐನೂರಕ್ಕೆ ಏರಿಸಿದರೆ ಸಹನೆ ಬೆಳೆಯುತ್ತದೆ, ಒಂದೇ ಏಟಿನ ಭಾರ ತಡೆಯುವ ತಾಕತ್ತು ಅಷ್ಟಾಗಿ ಬೆಳೆಯುವುದಿಲ್ಲ. ಇನ್ನೊಂದು, ದಂಡ ಹೊಡೆಯುವಾಗ ಪ್ರತಿ ಸಲವೂ ಟೊಂಕ ಹಿಂದಕ್ಕೆ ಕಮಾನಾಗುತ್ತದೆ. ಆರೋಗ್ಯವಂತನಿಗೆ ತೊಂದರೆ ಇಲ್ಲ. ಈಗಾಗಲೇ ಬೆನ್ನು ನೋಯುತ್ತಿರುವ ವೇಗದ ಬೌಲರ್ ಮಾತ್ರ ಅದನ್ನು ಬಿಟ್ಟು ಸಾದಾ ಪುಷ್-ಅಪ್ ಮಾಡಬೇಕು. ಹತ್ತಿರ ಒಳ್ಳೆಯ ವಸ್ತಾದರಿದ್ದು ಜಿಮ್ ದೂರ ಇದ್ದರೆ ಗರಡಿಯಲ್ಲೇ ಶುರು ಮಾಡುವುದು ಸರಿಯಾದ ಆಯ್ಕೆ.

ಟೆನಿಸ್ ಬಾಲಿನಿಂದ ಲೆದರ್ ಬಾಲಿಗೆ

ರಾಯಚೂರು, ಕೊಪ್ಪಳ ಕಡೆಯ ಹುಡುಗ ಬೆಳೆಯುವುದು ಟೆನಿಸ್ ಬಾಲ್ ಟೂರ್ನಿಗಳಲ್ಲಿ. ಪಂದ್ಯಕ್ಕೆ ಒಂದೋ ಎರಡೋ ಓವರ್. ಚೆಂಡು ಹಗುರ. ವೇಗ ಇದ್ದರೆ ಹೆಸರಾಗುತ್ತದೆ. ಯಾರೋ ವಲಯದ ಆಯ್ಕೆಗೆ ಹೋಗು ಅನ್ನುತ್ತಾರೆ. ಹದಿನೈದು ದಿನ ಇರುವಾಗ ಲೆದರ್ ಬಾಲ್ ಹಿಡಿಯುತ್ತಾನೆ, ಬೆಳಗ್ಗೆ ಸಂಜೆ ಎರಡೂ ಹೊತ್ತು ನೆಟ್ಸ್‌ನಲ್ಲಿ ಎಸೆಯುತ್ತಾನೆ. ವಾರಕ್ಕೆ 30 ಚೆಂಡು ಎಸೆಯುತ್ತಿದ್ದವನು 300ಕ್ಕೆ ಹೋಗುತ್ತಾನೆ. ಅದರ ಮೇಲೆ ಆಯ್ಕೆಗಾರರ ಎದುರು ಪೂರ್ತಿ ಜೋರು.

ಬೆನ್ನು ಮುರಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಈ ಭಾಗದ ಮಟ್ಟಿಗೆ ಜಿಮ್ಮಾ ಓಟವಾ ಅನ್ನುವ ಚರ್ಚೆಗಿಂತ ಇದು ದೊಡ್ಡ ಪ್ರಶ್ನೆ. ಇಂಗ್ಲೆಂಡಿನಲ್ಲಿ ಬಹಳ ವರ್ಷ ಪಾಲಿಸಿಕೊಂಡು ಬಂದ ಮಿತಿಗಳು ಹೀಗಿವೆ: 13ರೊಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 14-15ಕ್ಕೆ 6 ಮತ್ತು 12. 16ರಿಂದ 19ರವರೆಗೆ 7 ಮತ್ತು 18. ನೆಟ್ಸ್‌ನಲ್ಲೂ ಹೀಗೇ ಎಣಿಸಬೇಕು. ಒಂದು ನೂರು ಪುಟದ ನೋಟ್‌ಬುಕ್ ಸಾಕು. ದಿನಾ ಎಸೆದ ಚೆಂಡು ಎಷ್ಟು, ಅದರಲ್ಲಿ ಪೂರ್ತಿ ಜೋರಿನವು ಎಷ್ಟು ಅಂತ ಬರೆದಿಟ್ಟರೆ ಈ ವಾರ ಕಳೆದ ತಿಂಗಳಿನ ಸರಾಸರಿಗಿಂತ ಎಷ್ಟು ಏರಿತು ಅಂತ ಕೋಚ್‌ಗೆ ಒಂದೇ ನೋಟಕ್ಕೆ ಕಾಣುತ್ತದೆ. ಆಯ್ಕೆ ಅಕ್ಟೋಬರ್‌ನಲ್ಲಿದ್ದರೆ ಲೆದರ್ ಬಾಲ್ ಜುಲೈನಲ್ಲೇ ಕೈಗೆ ಬರಬೇಕು.

ನೆಲ, ಬಿಸಿಲು, ಊಟ

ಬೇಸಿಗೆಯಲ್ಲಿ ನಮ್ಮ ಎರೆ ನೆಲ ಒಣಗಿ ಕಲ್ಲಾಗುತ್ತದೆ, ಬಿರುಕೂ ಬಿಡುತ್ತದೆ. ಅನೇಕ ಕಡೆ ಪಿಚ್ ಅಂದರೆ ಸಿಮೆಂಟಿನ ಮೇಲೆ ಹಾಸಿದ ಮ್ಯಾಟ್. ಅಂಥ ಕಡೆ ಮುಂಗಾಲು ದಿನಾ ಅಪ್ಪಳಿಸುವುದು ಒಳ್ಳೆಯದಲ್ಲ. ಜಿಗಿತದ ಅಭ್ಯಾಸ ಮರಳಿನ ಮೇಲೋ ಗರಡಿಯ ಮಟ್ಟಿಯ ಮೇಲೋ ಮಾಡಿಸಬಹುದು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಬೆಳಗ್ಗೆ ಎಂಟರೊಳಗೆ ಕೆಲಸ ಮುಗಿಯಬೇಕು.

ಬಲ ಬೆಳೆಯಲು ದಿನಕ್ಕೆ ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಹುಡುಗನಿಗೆ 96 ಗ್ರಾಂ. ಇದಕ್ಕೆ ಸಾವಿರಾರು ರೂಪಾಯಿಯ ಡಬ್ಬಿಯೇ ಬೇಕು ಅಂತೇನಿಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಅಷ್ಟೇ ಜೋಳದ ಹಿಟ್ಟಿನಲ್ಲಿ 10, ಒಂದು ಮೊಟ್ಟೆಯಲ್ಲಿ 6. ರೊಟ್ಟಿ, ಶೇಂಗಾ ಚಟ್ನಿ, ಕಾಳಿನ ಪಲ್ಯ, ಬೇಳೆ, ಹಾಲು-ಮೊಸರು, ಮೊಟ್ಟೆ ಸೇರಿದರೆ ಗುರಿ ಮುಟ್ಟಬಹುದು. ಹಾಲು-ಮೊಸರು ಎಲುಬಿಗೂ ಬೇಕು.

2025ರ ನವೆಂಬರ್‌ನಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದ ಮೇಲೆ ನಮ್ಮ ಮೈದಾನಗಳಿಗೂ ಹುಡುಗಿಯರು ಬಂದರೆ ಕೋಚ್‌ಗಳು ಒಂದು ವಿಷಯ ತಿಳಿದಿರಬೇಕು. ತಾಲೀಮು ಜಾಸ್ತಿಯಾಗಿ ಊಟ ಸಾಲದೆ ಹೋದಾಗ ಮುಟ್ಟು ನಿಂತುಹೋಗಬಹುದು. ಅದು ಎಲುಬು ಸೊರಗುತ್ತಿರುವುದರ ಗುರುತಾಗಿರಬಹುದು, ಸುಮ್ನೆ ಬಿಡುವ ವಿಷಯವಲ್ಲ.

ಮುಂದೇನಾಗಬಹುದು

ಮೇಲಿನ ತಂಡ ಏನು ಮಾಡುತ್ತದೋ ಕೆಳಗಿನ ಅಕಾಡೆಮಿಗಳು ಅದನ್ನೇ ಹಿಡಿಯುತ್ತವೆ. ಯೋ-ಯೋ ಬಂದಾಗ ಹಾಗೇ ಆಯಿತು. ಬ್ರಾಂಕೊ ಕೂಡ ಜಿಲ್ಲಾ ಮೈದಾನಗಳಿಗೆ ಇಳಿಯಬಹುದು, ಅದಕ್ಕೆ ಬೇಕಾದ್ದು ನಾಲ್ಕು ಕೋನ್, ಒಂದು ಸ್ಟಾಪ್‌ವಾಚ್ ಅಷ್ಟೆ. ತಯಾರಿ ಇಲ್ಲದ ಹುಡುಗರನ್ನು ಗಟ್ಟಿ ನೆಲದಲ್ಲಿ ವಾರ ವಾರ ಹೀಗೆ ಓಡಿಸಿ ತಿರುಗಿಸಿದರೆ ಮೊಣಕಾಲ ಕೆಳಗಿನ ಎಲುಬು ನೋವು ಹೆಚ್ಚುತ್ತದೆ. ಜಿಮ್ ಬಿಡಿಸಿ ಬರೀ ಓಡಿಸಿದರೆ ದಮ್ಮು ಬರುತ್ತದೆ, ಮುಂಗಾಲು ಮಾತ್ರ ಹಾಗೇ ಕುಸಿಯುತ್ತದೆ. ರಾಷ್ಟ್ರೀಯ ಆಟಗಾರನ ಹಿಂದೆ ಬೆಂಗಳೂರಿನಲ್ಲಿರುವ ಕ್ರಿಕೆಟ್ ಮಂಡಳಿಯ ತರಬೇತಿ ಕೇಂದ್ರ ಸೆಂಟರ್ ಆಫ್ ಎಕ್ಸಲೆನ್ಸ್ ಇದೆ, ಫಿಸಿಯೊ ಇದ್ದಾರೆ, ಸ್ಕ್ಯಾನ್ ಇದೆ. ಸಿಂಧನೂರಿನ ಹುಡುಗನ ಹಿಂದೆ ಇರುವುದು ಒಬ್ಬ ಕೋಚ್ ಮತ್ತು ಮನೆಯವರು. ಪರೀಕ್ಷೆ ಒಂದೇ ಇರಬಹುದು, ಅದು ತಪ್ಪಿದಾಗ ಹಿಡಿಯುವ ಕೈಗಳು ಒಂದೇ ಅಲ್ಲ.

ಅದಕ್ಕೇ ಬೆನ್ನುನೋವಿನ ಗುರುತು ಮನೆಯವರಿಗೇ ಗೊತ್ತಿರಬೇಕು. ಮೈಕೈ ನೋವು ಎರಡು-ಮೂರು ದಿನಕ್ಕೆ ಇಳಿಯುತ್ತದೆ. ಬಿರುಕಿನ ನೋವು ಇಳಿಯುವುದಿಲ್ಲ. ಬೌಲ್ ಮಾಡುವಾಗ ಬರುತ್ತದೆ, ಬಿಟ್ಟರೆ ಕಡಿಮೆಯಾಗುತ್ತದೆ, ಮತ್ತೆ ಎಸೆದರೆ ಮತ್ತೆ ಬರುತ್ತದೆ. ಟೊಂಕದ ಒಂದೇ ಕಡೆ, ಸಾಮಾನ್ಯವಾಗಿ ಬೌಲಿಂಗ್ ಕೈಯ ಎದುರು ಕಡೆ, ಬೆರಳಿಟ್ಟು ತೋರಿಸುವಂತಿರುತ್ತದೆ. ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ಚುಚ್ಚುತ್ತದೆ. ಆಗ ಬಾಮ್ ಹಚ್ಚಿ, ಮಾತ್ರೆ ನುಂಗಿಸಿ ಮುಂದಿನ ಪಂದ್ಯ ಆಡಿಸಬಾರದು. ಬೌಲಿಂಗ್ ಅವತ್ತೇ ನಿಲ್ಲಬೇಕು. ಶುರುವಿನ ಹಂತದ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದು ಸಾಮಾನ್ಯ. ಫಿಲ್ಮ್ ಸರಿ ಇದೆ ಅಂದ ಮೇಲೂ ನೋವು ಹಾಗೇ ಇದ್ದರೆ, ಹುಡುಗ ವೇಗದ ಬೌಲರ್ ಅಂತ ಎಲುಬಿನ ಡಾಕ್ಟರಿಗೆ ಬಿಡಿಸಿ ಹೇಳಿ, ಎಂಆರ್‌ಐ ಬೇಕಾಗುತ್ತದಾ ಅಂತ ಕೇಳಿ. ಆ ಹಂತದಲ್ಲಿ ಸಿಕ್ಕಿದ್ದು ಕೆಲವು ತಿಂಗಳ ವಿಶ್ರಾಂತಿಯಲ್ಲೇ ಕೂಡಿಕೊಳ್ಳುವ ಸಾಧ್ಯತೆ ಜಾಸ್ತಿ.